ಕಲ್ಲಿನ ರಥ ಮತ್ತು ಪಾಳಯಂನ ಪುರಭವನ

ಹೊರನಾಡ ಕನ್ನಡ ಸಂಘಗಳ ಸ್ಮರಣ ಸಂಚಿಕೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟು ಮುಖಪುಟಗಳನ್ನಷ್ಟೇ ನೋಡುತ್ತ ಹೋದರೆ, ಕರ್ನಾಟಕದಲ್ಲಿ ನಾಲ್ಕೇ ನಾಲ್ಕು ವಸ್ತುಗಳಿವೆಯೆಂದು ಅಪರಿಚಿತನೊಬ್ಬ ತೀರ್ಮಾನಿಸಿಬಿಟ್ಟಾನು: ಹಂಪಿಯ ಕಲ್ಲಿನ ರಥ, ಶ್ರವಣಬೆಳಗೊಳದ ಗೊಮ್ಮಟ, ಜೋಗದ ಜಲಪಾತ, ವಿಧಾನಸೌಧ. ಒಳಪುಟಗಳಿಗೆ ಬಂದರೆ ಇನ್ನೊಂದು ಬಗೆಯ ಏಕತಾನತೆ. ಅಧ್ಯಕ್ಷರು ದೀಪ ಬೆಳಗಿಸುತ್ತಿದ್ದಾರೆ. ಮುಖ್ಯ ಅತಿಥಿಗಳಿಗೆ ಶಾಲು ಹೊದಿಸಲಾಗುತ್ತಿದೆ. ಮಹಿಳಾ ವಿಭಾಗದವರು ನಾಡಗೀತೆ ಹಾಡುತ್ತಿದ್ದಾರೆ. ಮಕ್ಕಳು ಕೋಲಾಟದ ಉಡುಪಿನಲ್ಲಿ ಸಾಲಾಗಿ ನಿಂತಿದ್ದಾರೆ. ಈ ಎಲ್ಲ ಚಿತ್ರಗಳ ಹಿಂದೆ ಒಂದು ಗೋಡೆಯಿದೆ, ಒಂದು ಕಮಾನಿದೆ, ಅರ್ಧ ಕಾಣುವ ಒಂದು ಕಿಟಕಿಯಿದೆ. ಅದು ಯಾವ ಭವನ, ಯಾವ ಕಾಲದ್ದು, ಯಾರು ಕಟ್ಟಿಸಿದರು ಎಂಬುದರ ಬಗ್ಗೆ ಒಂದು ಸಾಲೂ ಇಲ್ಲ. ನಾವು ಬಾಳುತ್ತಿರುವ ಊರು ನಮ್ಮ ಪುಟಗಳಲ್ಲಿ ಸದಾ ಹಿನ್ನೆಲೆಯಲ್ಲಿಯೇ ಉಳಿದುಬಿಟ್ಟಿದೆ, ಅದೂ ಫೋಕಸ್ ತಪ್ಪಿದ ಹಿನ್ನೆಲೆಯಲ್ಲಿ.

ನಮ್ಮ ಸಂಘದ ಕಳೆದ ವಾರ್ಷಿಕ ಸಭೆಯಲ್ಲಿ ನಾನೊಂದು ಸಲಹೆ ಮುಂದಿಟ್ಟೆ. ತಿರುವನಂತಪುರದ ಹಳೆಯ ಪುರಭವನದ ವಾಸ್ತುವನ್ನು ಹೊರಗಿನಿಂದಲೂ ಒಳಗಿನಿಂದಲೂ ಕ್ರಮಬದ್ಧವಾಗಿ ಛಾಯಾಚಿತ್ರಗಳಲ್ಲಿ ದಾಖಲಿಸಿ, ಆಯ್ದ ಚಿತ್ರಗಳನ್ನು ಈ ಪತ್ರಿಕೆಯ ಒಂದು ವಿಶೇಷ ಸಂಚಿಕೆಯಾಗಿ ತರಬೇಕೆಂದು. ಹಿರಿಯ ಸದಸ್ಯರೊಬ್ಬರು ಎದ್ದು ನಿಂತು, “ಸ್ವಾಮಿ, ಅದು ಇಲ್ಲಿಯವರ ಟೌನ್ ಹಾಲು. ಅದರ ಫೋಟೋ ತೆಗೆಯೋದಕ್ಕೆ ಇಲ್ಲಿಯವರೇ ಬೇಕಾದಷ್ಟು ಜನ ಇದ್ದಾರೆ. ನಮ್ಮ ಪತ್ರಿಕೆ ಇರೋದು ನಮ್ಮ ನಾಡಿನ ವಿಷಯಕ್ಕೆ” ಎಂದರು. ಸಭೆ ತಲೆದೂಗಿತು. ಮತ್ತೊಬ್ಬರು, ಈಗ ಪ್ರತಿಯೊಬ್ಬರ ಕಿಸೆಯಲ್ಲೂ ಕ್ಯಾಮೆರಾ ಇರುವಾಗ ಇದಕ್ಕೆ ಸಂಘದ ದುಡ್ಡೇಕೆ ಎಂದು ಕೇಳಿದರು. ಊಟದ ಹೊತ್ತು ಮೀರುತ್ತಿದ್ದುದರಿಂದ ವಿಷಯ ಅಲ್ಲಿಗೇ ನಿಂತಿತು. ಆ ಇಬ್ಬರಿಗೂ ಉತ್ತರ ಕೊಡುವುದು ಈ ಲೇಖನದ ಉದ್ದೇಶ. ಅವರು ನನ್ನ ಮಿತ್ರರು. ಆದರೆ ಅವರ ಮಾತಿನ ಹಿಂದಿರುವ ಮನೋಧರ್ಮ ಅವರಿಬ್ಬರದ್ದೇ ಅಲ್ಲವಾದ್ದರಿಂದ ಸ್ವಲ್ಪ ನಿಷ್ಠುರವಾಗಿಯೇ ಬರೆಯಬೇಕಾಗಿದೆ.

ಮೊದಲು ಕಟ್ಟಡದ ವಿಷಯ. ಮಸೀದಿ, ಚರ್ಚು, ಗಣಪತಿ ದೇವಾಲಯ ಮೂರೂ ಕೂಗಳತೆಯಲ್ಲಿರುವ ಪಾಳಯಂ ನಮ್ಮೆಲ್ಲರಿಗೂ ಪರಿಚಿತವೇ. ಅಲ್ಲಿಯೇ ಇರುವ, ದಶಕಗಳ ಕಾಲ ವಿ.ಜೆ.ಟಿ. ಹಾಲ್ ಎಂದು ಕರೆಯಲ್ಪಟ್ಟ ಭವನದ ಪೂರ್ಣ ಹೆಸರು ವಿಕ್ಟೋರಿಯಾ ಜುಬಿಲಿ ಟೌನ್ ಹಾಲ್. ವಿಕ್ಟೋರಿಯಾ ರಾಣಿಯ ಆಳ್ವಿಕೆಗೆ 50 ವರ್ಷ ತುಂಬಿದ್ದು 1887ರಲ್ಲಿ. ಆ ನೆನಪಿಗೆಂದು ಶ್ರೀಮೂಲಂ ತಿರುನಾಳ್ ಮಹಾರಾಜರ ಕಾಲದಲ್ಲಿ ಕಟ್ಟಿದ ಭವನ ಪೂರ್ಣಗೊಂಡದ್ದು 1896ರಲ್ಲಿ. ಇನ್ನೊಂದು ವರ್ಷ ತಡವಾಗಿದ್ದರೆ ರಾಣಿಯ ವಜ್ರಮಹೋತ್ಸವವೇ ಬಂದುಬಿಡುತ್ತಿತ್ತು. (ಸರ್ಕಾರಿ ಕಾಮಗಾರಿಗಳ ವೇಗದ ಬಗ್ಗೆ ನನ್ನಂತಹ ನೌಕರನು ಹೆಚ್ಚು ಮಾತಾಡದಿರುವುದು ಲೇಸು.) ಹೆಸರಿನಲ್ಲಿ ಸಾಮ್ರಾಜ್ಯದ ಮುದ್ರೆ ಹೊತ್ತ ಈ ಭವನ ಎಂಟೇ ವರ್ಷಗಳಲ್ಲಿ ಬೇರೆಯದೇ ಕೆಲಸಕ್ಕೆ ಒದಗಿತು. 1904ರ ಅಕ್ಟೋಬರಿನಲ್ಲಿ ಶ್ರೀಮೂಲಂ ಪ್ರಜಾಸಭೆ ಇಲ್ಲಿ ಸೇರಿತು. ತಿರುವಾಂಕೂರಿನ ಪ್ರಜೆಗಳ ಪ್ರತಿನಿಧಿಗಳು ಸರ್ಕಾರದ ಎದುರು ಕುಳಿತು ತಮ್ಮ ಅಹವಾಲುಗಳನ್ನು ಹೇಳಿಕೊಳ್ಳತೊಡಗಿದ್ದು ಹೀಗೆ.

ಈಗ ‘ಅದು ಇಲ್ಲಿಯವರ ಟೌನ್ ಹಾಲು’ ಎಂಬ ಮಾತನ್ನು ಪರೀಕ್ಷಿಸೋಣ. 1904ರಲ್ಲಿ ತಿರುವಾಂಕೂರಿನ ದಿವಾನರಾಗಿದ್ದವರು ವಿ. ಪಿ. ಮಾಧವರಾಯರು. ಅವರು ಕುಂಭಕೋಣದವರು, ಅವರನ್ನು ಕನ್ನಡಿಗರೆಂದು ಸಾಧಿಸಲು ನಾನು ಹೊರಟಿಲ್ಲ, ಅಂತಹ ಚಪಲಕ್ಕೆ ನಮ್ಮಲ್ಲಿ ಈಗಾಗಲೇ ಸಾಕಷ್ಟು ಜನರಿದ್ದಾರೆ. ಆದರೆ ಅವರು ತಿರುವಾಂಕೂರಿಗೆ ಬರುವ ಮೊದಲು ದಶಕಗಳ ಕಾಲ ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದವರು; 1906ರಲ್ಲಿ ಇಲ್ಲಿಂದ ಹೊರಟು ಮೈಸೂರಿನ ದಿವಾನರಾದವರು; ಅವರ ಆಡಳಿತದಲ್ಲಿಯೇ, 1907ರಲ್ಲಿ, ಮೈಸೂರಿನ ನ್ಯಾಯವಿಧಾಯಕ ಸಭೆ ಅಸ್ತಿತ್ವಕ್ಕೆ ಬಂತು. ಮೈಸೂರಿನಲ್ಲಿ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದ್ದು 1881ರಲ್ಲಿ, ತಿರುವಾಂಕೂರಿನ ಸಭೆಗಿಂತ 23 ವರ್ಷ ಮೊದಲು. ಆ ಸಭೆಯನ್ನು ಹತ್ತಿರದಿಂದ ಕಂಡ ಆಡಳಿತಗಾರನೊಬ್ಬ ಇಲ್ಲಿಗೆ ಬಂದ ವರ್ಷವೇ ಇಲ್ಲಿಯೂ ಪ್ರಜಾಸಭೆ ಕೂಡಿತು. ರಂಗಾಚಾರ್ಲು 1883ರಲ್ಲಿ ತೀರಿಕೊಂಡ ಬಳಿಕ ಅವರ ಹೆಸರಿನಲ್ಲಿ ಮೈಸೂರಿನಲ್ಲಿ ಎದ್ದ ಸ್ಮಾರಕ ಭವನವೇ ಇಂದಿನ ಮೈಸೂರಿನ ಟೌನ್ ಹಾಲ್. ಮೈಸೂರಿನ ಪುರಭವನಕ್ಕೂ ಪಾಳಯಂನ ಪುರಭವನಕ್ಕೂ ನಡುವೆ ಇಂತಹದೊಂದು ಒಳದಾರಿಯಿದೆ. ಆ ದಾರಿಯನ್ನು ತುಳಿದು ನೋಡಬೇಕಾದವರು ಯಾರು? ಎರಡೂ ಊರುಗಳ ಅನ್ನ ಉಂಡವರಲ್ಲದೆ ಇನ್ನಾರು? ಮೈಸೂರಿನಲ್ಲಿರುವ ಕನ್ನಡಿಗನಿಗೆ ಪಾಳಯಂ ಗೊತ್ತಿಲ್ಲ. ಪಾಳಯಂನ ಮಲಯಾಳಿಗೆ ರಂಗಾಚಾರ್ಲು ಗೊತ್ತಿಲ್ಲ. ನಡುವೆ ನಿಂತಿರುವ ನಾವು ಮಾತ್ರ ಎರಡನ್ನೂ ಕಾಣಬಲ್ಲೆವು, ಆದರೆ ನಾವು ಕಲ್ಲಿನ ರಥ ನೋಡುತ್ತ ಕುಳಿತಿದ್ದೇವೆ.

ಈ ಭವನದ ಚರಿತ್ರೆಯಲ್ಲಿ ಇನ್ನೂ ದೊಡ್ಡದಾದ ಒಂದು ಘಟ್ಟವಿದೆ. ಅಯ್ಯಂಕಾಳಿ 1863ರಲ್ಲಿ ವೆಂಙಾನೂರಿನಲ್ಲಿ ಹುಟ್ಟಿದ ಪುಲಯ ಸಮುದಾಯದ ಮನುಷ್ಯ. ತನ್ನ ಜನಕ್ಕೆ ನಿಷೇಧವಾಗಿದ್ದ ಸಾರ್ವಜನಿಕ ರಸ್ತೆಯಲ್ಲಿ 1893ರಲ್ಲಿ ವಿಲ್ಲುವಂಡಿಯೇರಿ, ಅಂದರೆ ಎತ್ತಿನ ಕಮಾನುಗಾಡಿಯಲ್ಲಿ, ತಲೆಯೆತ್ತಿ ಸಾಗಿದವರು. 1907ರಲ್ಲಿ ಸಾಧುಜನ ಪರಿಪಾಲನ ಸಂಘವನ್ನು ಕಟ್ಟಿದವರು. 1911ರಲ್ಲಿ ಅವರನ್ನು ಪ್ರಜಾಸಭೆಗೆ ನಾಮಕರಣ ಮಾಡಲಾಯಿತು. 1912ರಲ್ಲಿ ಅವರು ಈ ಭವನದಲ್ಲಿ ಎದ್ದು ನಿಂತು ತಮ್ಮ ಜನರ ಪರವಾಗಿ ಮಾತನಾಡಿದರು, ಭೂಮಿ ಕೇಳಿದರು. 2019ರಲ್ಲಿ ಕೇರಳ ಸರ್ಕಾರ ಭವನಕ್ಕೆ ಅವರ ಹೆಸರಿಟ್ಟಿತು. ಆಗ ನಡೆದ ಚರ್ಚೆ ನಮಗೆಲ್ಲ ನೆನಪಿದೆ. ಹಳೆಯ ಹೆಸರು ಹೋಯಿತೆಂದು ಕೆಲವರು ಮರುಗಿದರು, ಹೊಸ ಹೆಸರು ಬಂತೆಂದು ಹಲವರು ಸಂಭ್ರಮಿಸಿದರು. ನಾನು ಸಂಭ್ರಮಿಸಿದವರ ಪಕ್ಷ. ಒಬ್ಬ ರಾಣಿಯ ಮಹೋತ್ಸವಕ್ಕಿಂತ ಅಯ್ಯಂಕಾಳಿಯ ಒಂದು ಭಾಷಣ ದೊಡ್ಡದು. ಆದರೆ ಫಲಕದ ಬಗ್ಗೆ ಇಷ್ಟು ಮಾತಾಡಿದ ನಾವು ಗೋಡೆಯ ಬಗ್ಗೆ ಏನು ಕೇಳಿದೆವು? 1912ರಲ್ಲಿ ಅಯ್ಯಂಕಾಳಿ ಯಾವ ಬಾಗಿಲಿನಿಂದ ಒಳಗೆ ಬಂದರು? ಅಂದು ವೇದಿಕೆ ಯಾವ ದಿಕ್ಕಿಗಿತ್ತು? ದಿವಾನರ ಪೀಠಕ್ಕೂ ಸದಸ್ಯರ ಸಾಲಿಗೂ ಎಷ್ಟು ಅಂತರ? ಬಾಗಿಲುಗಳಲ್ಲಿ, ನೆಲದ ಕಲ್ಲುಗಳಲ್ಲಿ ಯಾವುವು ಅಂದಿನವು, ಯಾವುವು ಬಳಿಕ ಬಂದವು? ಬಾಗಿಲಿನ ಪ್ರಶ್ನೆ ವಾಸ್ತುಶಾಸ್ತ್ರದ ಪ್ರಶ್ನೆ ಮಾತ್ರವಲ್ಲ. ರಸ್ತೆಯಲ್ಲೇ ನಡೆಯಬಾರದೆಂದು ತಡೆಯಲ್ಪಟ್ಟ ಸಮುದಾಯದ ಪ್ರತಿನಿಧಿಗೆ ಬಾಗಿಲೇ ಚರಿತ್ರೆ.

ಇಂತಹ ಪ್ರಶ್ನೆಗಳಿಗೆ ಗ್ರಂಥಗಳು ಉತ್ತರಿಸುವುದು ಅಪರೂಪ. ಕಟ್ಟಡವೇ ಉತ್ತರಿಸಬೇಕು, ಕಟ್ಟಡ ಬದಲಾದ ಮೇಲೆ ಅದರ ಚಿತ್ರ ಉತ್ತರಿಸಬೇಕು. ನಮ್ಮ ಮುಖಪುಟದ ಕಲ್ಲಿನ ರಥವನ್ನೇ ತೆಗೆದುಕೊಳ್ಳಿ. 1856ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಭಾರವಾದ ಕ್ಯಾಮೆರಾ ಹೊತ್ತು ಹಂಪಿಗೆ ಬಂದು, ಕಾಗದದ ನೆಗೆಟಿವ್‌ಗಳ ಮೇಲೆ ಅಲ್ಲಿಯ ಕಟ್ಟಡಗಳನ್ನು ಸೆರೆಹಿಡಿದ. ವಿಠ್ಠಲ ದೇವಾಲಯದ ಅಂಗಳದ ರಥದ ಚಿತ್ರವೂ ಅವುಗಳಲ್ಲಿದೆ. ಆ ಚಿತ್ರದಲ್ಲಿ ರಥದ ತಲೆಯ ಮೇಲೆ ಇಟ್ಟಿಗೆಯ ಶಿಖರವೊಂದು ನಿಂತಿದೆ! ಇಂದು ಅದಿಲ್ಲ. ನಾವು ಮಕ್ಕಳ ಪದಕಗಳ ಮೇಲೆ ಅಚ್ಚುಹಾಕಿಸುವ, 2017ರಿಂದ 50 ರೂಪಾಯಿಯ ನೋಟಿನ ಹಿಂಬದಿಯಲ್ಲಿ ದೇಶವೆಲ್ಲ ಕಾಣುತ್ತಿರುವ ಆ ಆಕೃತಿ ಶಿಖರ ಕಳೆದುಕೊಂಡ ಗುಡಿ. ಅದರ ತಲೆ ಹೇಗಿತ್ತೆಂದು ನಾವು ಕಣ್ಣಾರೆ ಕಾಣಬಲ್ಲದ್ದು ಆ ಕಾಗದದ ನೆಗೆಟಿವ್‌ನಿಂದ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್, ಗ್ರೀನ್‌ಲಾ ನಿಂತಿದ್ದ ಜಾಗಗಳನ್ನು ಹುಡುಕಿ, ಅಲ್ಲಿಯೇ ಕ್ಯಾಮೆರಾ ಇಟ್ಟು ಅವೇ ದೃಶ್ಯಗಳನ್ನು ಮತ್ತೆ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟಾಗ ನಡುವಿನ ಶತಮಾನ ಹಂಪಿಗೆ ಏನು ಮಾಡಿತೆಂಬುದು ಯಾವ ವರದಿಯ ನೆರವೂ ಇಲ್ಲದೆ ಕಾಣುತ್ತದೆ.

ಗ್ರೀನ್‌ಲಾ ಕನ್ನಡಿಗನಲ್ಲ, 1854ರಲ್ಲಿ ಬೇಲೂರು, ಹಳೇಬೀಡುಗಳನ್ನು ಛಾಯಾಚಿತ್ರಿಸಿದ ಲಿನ್ನೇಯಸ್ ಟ್ರೈಪ್ ಕೂಡ ಅಲ್ಲ. ಇಬ್ಬರೂ ಆಳುವವರ ಸೈನ್ಯದವರು. ಆಳುವ ನೆಲವನ್ನು ಲೆಕ್ಕದಲ್ಲಿಟ್ಟುಕೊಳ್ಳುವ ವಸಾಹತುಶಾಹಿಯ ಹಪಾಹಪಿಯೂ ಅಂದಿನ ಚಿತ್ರಗಳ ಹಿಂದೆ ಇತ್ತೆಂಬುದನ್ನು ನಾನು ಮರೆತಿಲ್ಲ. ಆದರೂ ಕೇಳುತ್ತೇನೆ: ‘ಹಂಪಿ ಇಲ್ಲಿಯವರದು, ಅದರ ಚಿತ್ರ ತೆಗೆಯಲು ಇಲ್ಲಿಯವರೇ ಇದ್ದಾರೆ’ ಎಂದು ಗ್ರೀನ್‌ಲಾ ಮನೆಯಲ್ಲಿ ಕುಳಿತಿದ್ದರೆ ನಮ್ಮ ಹಿರಿಯ ಸದಸ್ಯರು ಇಂದು ರಥದ ಶಿಖರವನ್ನು ಎಲ್ಲಿ ನೋಡುತ್ತಿದ್ದರು?

ಎರಡನೆಯ ಆಕ್ಷೇಪ: ಎಲ್ಲರ ಕಿಸೆಯಲ್ಲೂ ಕ್ಯಾಮೆರಾ ಇದೆ. ನಿಜ. ಲಕ್ಷಾಂತರ ಚಿತ್ರಗಳೂ ಇವೆ. ಆದರೆ ಆ ಲಕ್ಷ ಚಿತ್ರಗಳು ಒಂದೇ ಚಿತ್ರ. ರಸ್ತೆಯ ಆಚೆಬದಿಯಲ್ಲಿ ನಿಂತು, ಕತ್ತೆತ್ತಿ, ಸಂಜೆಯ ದೀಪಾಲಂಕಾರದಲ್ಲಿ ತೆಗೆದ ಮುಂಭಾಗ. ಇಲ್ಲವೇ ಮೆಟ್ಟಿಲ ಮೇಲೆ ಮದುಮಕ್ಕಳು. ಫೋರ್ಟ್ ಕೊಚ್ಚಿಯಲ್ಲಿರುವ ನಮ್ಮ ಬಂಧುಗಳನ್ನು ಕೇಳಿ. ಚೀನೀ ಬಲೆಗಳ ಮುಂದೆ ದಿನಕ್ಕೆ ಎಷ್ಟು ಚಿತ್ರಗಳು ತೆಗೆಯಲ್ಪಡುತ್ತವೆಂದು ಎಣಿಸಲು ಸಾಧ್ಯವಿಲ್ಲ. ಅಲ್ಲೇ ಹಿಂದಿನ ಗಲ್ಲಿಯ ಹಳೆಯ ಗೋದಾಮಿನ ಹಿಂಗೋಡೆಯ ಒಂದು ನೇರವಾದ ಚಿತ್ರ ಕೇಳಿ ನೋಡಿ, ಸಿಗುವುದು ಕಷ್ಟ. ಎರ್ನಾಕುಳಂನ ದರ್ಬಾರ್ ಹಾಲ್ ಕೊಚ್ಚಿ ಮಹಾರಾಜರ ಸಭಾಭವನವಾಗಿದ್ದು, ಈಗ ಕಲಾ ಗ್ಯಾಲರಿ. ಒಳಗೆ ತೂಗುಹಾಕಿದ ಚಿತ್ರಗಳ ಚಿತ್ರ ತೆಗೆಯುವವರು ಅದನ್ನು ತೂಗುಹಾಕಿದ ಗೋಡೆಯನ್ನು ನೋಡುವುದಿಲ್ಲ.

ವಾಸ್ತುವಿನ ಛಾಯಾಚಿತ್ರಣ ಬೇರೆಯೇ ಕೆಲಸ, ಬಹಳಮಟ್ಟಿಗೆ ಬೇಸರದ ಕೆಲಸ. ಕ್ಯಾಮೆರಾವನ್ನು ಮೇಲಕ್ಕೆ ಬಾಗಿಸಿದೊಡನೆ ಗೋಡೆಗಳ ಲಂಬರೇಖೆಗಳು ಮೇಲ್ಗಡೆ ಒಂದಕ್ಕೊಂದು ಹತ್ತಿರವಾಗಿ ಕಟ್ಟಡ ಹಿಂದಕ್ಕೆ ವಾಲಿದಂತೆ ಕಾಣುತ್ತದೆ. ಆದ್ದರಿಂದ ಕ್ಯಾಮೆರಾ ಗೋಡೆಗೆ ಸಮಾನಾಂತರವಾಗಿ, ಮಟ್ಟಸವಾಗಿ ನಿಲ್ಲಬೇಕು. ಅದಕ್ಕೆ ಎದುರಿನ ಮಹಡಿಯನ್ನೋ ಏಣಿಯನ್ನೋ ಹತ್ತಬೇಕು, ಅಥವಾ ಮಸೂರವನ್ನಷ್ಟೇ ಮೇಲಕ್ಕೆ ಸರಿಸಬಲ್ಲ ಶಿಫ್ಟ್ ಲೆನ್ಸ್ ಬೇಕು. ಟ್ರೈಪಾಡ್ ಬೇಕು. ಪಕ್ಕದಲ್ಲಿ ಅಳತೆಕೋಲು ಇಡಬೇಕು, ಇಲ್ಲದಿದ್ದರೆ ಮುಂದೆ ನೋಡುವವನಿಗೆ ಕಿಟಕಿ ನಾಲ್ಕಡಿಯೋ ಏಳಡಿಯೋ ತಿಳಿಯದು. ನಾಲ್ಕು ಮುಖಗಳು, ಛಾವಣಿಯ ಮರದ ತೊಲೆಗಳು, ಗಾಳಿಗಂಡಿಗಳು, ಕಿಟಕಿಯ ತಿರುಗಣಿಗಳು, ಮಳೆನೀರು ಇಳಿಯುವ ಕೊಳವೆ, ಮೆಟ್ಟಿಲ ಸವೆತ, ಇವೆಲ್ಲವೂ ಬೇಕು. ಹೆಂಚು ಇಳಿಸುವ ಸಂದರ್ಭ ಸಿಕ್ಕರೆ ಅದರ ಅಡಿಯ ಮುದ್ರೆಯ ಚಿತ್ರವೂ ಬೇಕು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಬಳಿಕ ಈ ಕರಾವಳಿಯುದ್ದಕ್ಕೂ ಮಂಗಳೂರು ಹೆಂಚು ಎಷ್ಟು ಛಾವಣಿಗಳನ್ನು ಹೊದಿಸಿತೋ! ನಮ್ಮ ನಾಡಿನ ವಿಷಯವೇ ಬೇಕೆನ್ನುವವರು ತಲೆಯೆತ್ತಿ ನೋಡಿದರೂ ಸಾಕು, ಕೇರಳದ ಹಳೆಯ ಮಾಡುಗಳಲ್ಲಿ ಕನ್ನಡ ಕರಾವಳಿಯ ಮಣ್ಣು ಸಿಕ್ಕೀತು.

ಇದಕ್ಕೆ ಅವಸರವೇನು ಎಂದರೆ, ನಮ್ಮ ಹಳೆಯ ಸಾರ್ವಜನಿಕ ಕಟ್ಟಡಗಳಿಗೆ ಎರಡು ಶತ್ರುಗಳು: ಅಲಕ್ಷ್ಯ ಮತ್ತು ನವೀಕರಣ. ಎರಡನೆಯದು ಹೆಚ್ಚು ಅಪಾಯಕಾರಿ, ಏಕೆಂದರೆ ಅದಕ್ಕೆ ಅನುದಾನವಿರುತ್ತದೆ. ಸುಣ್ಣದ ಗಾರೆ ಉಸಿರಾಡುವ ವಸ್ತು. ಮಳೆಗಾಲದಲ್ಲಿ ಹೀರಿದ ತೇವವನ್ನು ಬೇಸಗೆಯಲ್ಲಿ ಬಿಟ್ಟುಕೊಡುತ್ತದೆ. ಅದರ ಮೇಲೆ ಸಿಮೆಂಟು ಮೆತ್ತಿ, ಮೇಲೊಂದು ಪ್ಲಾಸ್ಟಿಕ್ ಬಣ್ಣ ಬಳಿದರೆ ತೇವ ಒಳಗೇ ಉಳಿದು ಗೋಡೆ ಒಳಗಿನಿಂದ ಪುಡಿಯಾಗುತ್ತದೆ. ಹವಾನಿಯಂತ್ರಣಕ್ಕೆಂದು ಗಾಳಿಗಂಡಿ ಮುಚ್ಚಿ ಹುಸಿ ಛಾವಣಿ ಹಾಕಿದರೆ ಮೇಲಿನ ಮರಕ್ಕೆ ಗೆದ್ದಲು ಹಿಡಿದದ್ದೂ ಕಾಣುವುದಿಲ್ಲ. ಹತ್ತು ವರ್ಷಗಳ ಬಳಿಕ ಯಾರಾದರೂ ವಿವೇಕಿ ಎಂಜಿನಿಯರ್ ಬಂದು ಮೊದಲಿನಂತೆ ಮಾಡೋಣ ಎಂದರೆ, ‘ಮೊದಲು’ ಎಂದರೆ ಹೇಗಿತ್ತೆಂದು ಹೇಳುವ ಒಂದು ಚಿತ್ರವೂ ಕಡತದಲ್ಲಿರುವುದಿಲ್ಲ. ನಮ್ಮ ಮೈಸೂರಿನಲ್ಲಿಯೇ ನೋಡಿ: 2012ರ ಆಗಸ್ಟಿನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು, 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರದ ಹೆಬ್ಬಾಗಿಲು ಕುಸಿಯಿತು. ಅಲ್ಲಿಂದ ಮುಂದೆ ಕೆಡವಬೇಕೋ ಉಳಿಸಬೇಕೋ ಎಂಬ ವಾದವೇ ವರ್ಷಗಟ್ಟಲೆ ನಡೆಯಿತು. ಯುದ್ಧದಲ್ಲಿ ನೆಲಸಮವಾದ ವಾರ್ಸಾದ ಹಳೆಯ ಪಟ್ಟಣವನ್ನು ಪೋಲೆಂಡಿನವರು ಮತ್ತೆ ಎಬ್ಬಿಸಿದಾಗ ಅವರಿಗೆ ಆಧಾರವಾದವು 18ನೆಯ ಶತಮಾನದ ವರ್ಣಚಿತ್ರಗಳು ಮತ್ತು ವಾಸ್ತುಶಾಸ್ತ್ರದ ವಿದ್ಯಾರ್ಥಿಗಳು ಯುದ್ಧಕ್ಕೆ ಮೊದಲು ಅಳೆದು ಬರೆದಿಟ್ಟಿದ್ದ ನಕ್ಷೆಗಳು. ಅಮೆರಿಕದವರು 1933ರ ಆರ್ಥಿಕ ಮುಗ್ಗಟ್ಟಿನಲ್ಲಿ, ಕೆಲಸ ಕಳೆದುಕೊಂಡ ವಾಸ್ತುಶಿಲ್ಪಿಗಳಿಗೆ ಸಂಬಳ ಕೊಟ್ಟು ದೇಶದ ಹಳೆಯ ಕಟ್ಟಡಗಳನ್ನೆಲ್ಲ ಅಳೆಸಿ, ಚಿತ್ರ ತೆಗೆಸಿ, ಸಾರ್ವಜನಿಕರ ಬಳಕೆಗೆಂದು ಗ್ರಂಥಾಲಯದಲ್ಲಿ ಇರಿಸಿದರು. ತಿರುವಾಂಕೂರಿಗೂ ಈ ವಿವೇಕ ಹೊಸದಲ್ಲ. 19ನೆಯ ಶತಮಾನದ ಕೊನೆಯಲ್ಲಿ ಜಕರಾಯಸ್ ಡಿಕ್ರೂಜ್ ಎಂಬ ಛಾಯಾಗ್ರಾಹಕ ಇಲ್ಲಿಯ ಸರ್ಕಾರಕ್ಕಾಗಿಯೇ ಚಿತ್ರಗಳನ್ನು ತೆಗೆಯುತ್ತಿದ್ದ.

ಇನ್ನು ಸರ್ಕಾರದ ಕಡೆಯ ಅಡ್ಡಿ. ಈ ವಿಷಯದಲ್ಲಿ ನನಗೆ ಸ್ವಲ್ಪ ಅಧಿಕಾರಯುತವಾಗಿ ಮಾತಾಡುವ ಹಕ್ಕಿದೆಯೆಂದು ಭಾವಿಸುತ್ತೇನೆ. ಮೂರು ದಶಕ ಕಡತಗಳ ನಡುವೆ ಕಳೆದವನು ನಾನು. ಕೆಲವು ವರ್ಷಗಳ ಹಿಂದೆ ಈ ರಾಜ್ಯದ ಒಂದು ಜಿಲ್ಲಾ ಕೇಂದ್ರದಲ್ಲಿ ಹಳೆಯ ಸಾರ್ವಜನಿಕ ಕಟ್ಟಡವೊಂದರ ಎದುರು ಟ್ರೈಪಾಡ್ ಬಿಡಿಸುತ್ತಿದ್ದಾಗ ಕಾವಲುಗಾರ ಓಡಿಬಂದ. “ಸಾರ್, ಫೋಟೋ ಎಡುಕ್ಕಾನ್ ಪಾಡಿಲ್ಲ.” ಪಕ್ಕದಲ್ಲಿಯೇ ಇಬ್ಬರು ಹುಡುಗರು ಮೊಬೈಲಿನಲ್ಲಿ ಅದೇ ಕಟ್ಟಡದ ಚಿತ್ರ ತೆಗೆಯುತ್ತಿದ್ದರು; ಅವರಿಗೆ ಅಡ್ಡಿಯಿರಲಿಲ್ಲ. ಮೂರು ಕಾಲುಗಳಿದ್ದರೆ ಅಪರಾಧ, ಇಲ್ಲದಿದ್ದರೆ ಮನೋರಂಜನೆ! ಒಳಗಿದ್ದ ಮೇಲಧಿಕಾರಿ ನನ್ನ ಮಲಯಾಳದ ಉಚ್ಚಾರಣೆ ಕೇಳಿ ಮೊದಲು ಊರು ಯಾವುದೆಂದು ವಿಚಾರಿಸಿದರು, ಬಳಿಕ ‘ಮೇಲಿನಿಂದ ಆದೇಶವಿದೆ’ ಎಂದರು. ಆದೇಶದ ಸಂಖ್ಯೆ, ದಿನಾಂಕ ಕೇಳಿದೆ. ಅದನ್ನು ಯಾರೂ ಕೇಳಿರಲಿಲ್ಲವೆಂದು ತೋರುತ್ತದೆ. ಹತ್ತು ರೂಪಾಯಿ ಶುಲ್ಕ ತೆತ್ತು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿದೆ. ಮೂವತ್ತು ದಿನಗಳ ಗಡುವು ಮುಗಿಯುವ ಹೊತ್ತಿಗೆ ಉತ್ತರ ಬಂತು: ಅಂತಹ ಆದೇಶದ ಪ್ರತಿ ಕಚೇರಿಯಲ್ಲಿ ಲಭ್ಯವಿಲ್ಲ. ಮತ್ತೆ ಹೋಗಿ ನೋಡಿದಾಗ ನಿಷೇಧದ ಫಲಕಕ್ಕೆ ಹೊಸ ಬಣ್ಣ ಬಳಿದಿದ್ದರು.

ಕಾನೂನು ಏನು ಹೇಳುತ್ತದೆ? 1923ರ ಅಧಿಕೃತ ರಹಸ್ಯ ಕಾಯ್ದೆ ನಿಷೇಧಿತ ಸ್ಥಳಗಳ ಬಗ್ಗೆ ಹೇಳುತ್ತದೆ: ಸೇನಾ ನೆಲೆ, ಶಸ್ತ್ರಾಗಾರ, ಹಡಗುಕಟ್ಟೆ ಮುಂತಾದವು. ಅವುಗಳ ಹೊರತಾಗಿ ರೈಲುದಾರಿ, ಸೇತುವೆ, ವಿದ್ಯುತ್ ಸ್ಥಾವರದಂತಹ ಜಾಗವೊಂದನ್ನು ನಿಷೇಧಿತ ಸ್ಥಳವೆಂದು ಸಾರಬೇಕಾದರೆ ಕೇಂದ್ರ ಸರ್ಕಾರ ರಾಜಪತ್ರದಲ್ಲಿ ಅಧಿಸೂಚನೆ ಹೊರಡಿಸಬೇಕು. ಅಷ್ಟೇ ಅಲ್ಲ, ಅದರ ಪ್ರತಿಯನ್ನು ಇಂಗ್ಲಿಷಿನಲ್ಲಿಯೂ ಸ್ಥಳೀಯ ಭಾಷೆಯಲ್ಲಿಯೂ ಆ ಸ್ಥಳದಲ್ಲಿ ಅಂಟಿಸಬೇಕು. ಬ್ರಿಟಿಷರ ಕಾಲದ ಕಠೋರ ಕಾಯ್ದೆಗೂ ಇಷ್ಟು ಸೌಜನ್ಯವಿತ್ತು! ಕೃತಿಸ್ವಾಮ್ಯದ ಭಯವೂ ಬೇಡ: 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಪ್ರಕರಣ ವಾಸ್ತುಕೃತಿಯ ಛಾಯಾಚಿತ್ರ ತೆಗೆಯುವುದು, ಪ್ರಕಟಿಸುವುದು ಉಲ್ಲಂಘನೆಯಲ್ಲವೆಂದು ಸ್ಪಷ್ಟವಾಗಿ ಹೇಳುತ್ತದೆ. ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯೇ 2018ರಲ್ಲಿ ತನ್ನ ರಕ್ಷಿತ ಸ್ಮಾರಕಗಳಲ್ಲಿ, ತಾಜಮಹಲಿನ ಒಳಗಿನ ಗೋರಿ, ಅಜಂತಾದ ಗುಹೆಗಳಂತಹ ಕೆಲವನ್ನು ಬಿಟ್ಟು, ಛಾಯಾಚಿತ್ರಣದ ನಿರ್ಬಂಧವನ್ನು ತೆಗೆಯಿತು. ಮುಂಬಯಿಯ ಮಹಾನಗರಪಾಲಿಕೆ 1893ರಲ್ಲಿ ಪೂರ್ಣಗೊಂಡ, ಎಫ್. ಡಬ್ಲ್ಯು. ಸ್ಟೀವನ್ಸ್ ರಚಿಸಿದ ತನ್ನ ಕೇಂದ್ರ ಕಚೇರಿಯನ್ನು 2021ರಲ್ಲಿ ವಾರಾಂತ್ಯದ ವೀಕ್ಷಕರಿಗೆ ತೆರೆಯಿತು. ಬೆಂಗಳೂರಿನ ವಿಧಾನಸೌಧಕ್ಕೂ 2025ರಲ್ಲಿ ಮಾರ್ಗದರ್ಶಿಗಳೊಡನೆ ಪ್ರವಾಸ ಆರಂಭವಾಯಿತು. ಒಳಾಂಗಣಕ್ಕೆ ಅನುಮತಿ ಕೇಳುವುದು, ಸಭೆಯ ಹೊತ್ತಿನಲ್ಲಿ ತೊಂದರೆ ಕೊಡದಿರುವುದು ನ್ಯಾಯವೇ. ಆದರೆ ಷರತ್ತುಗಳು ಬರಹದಲ್ಲಿರಬೇಕು. ಕಾವಲುಗಾರನ ಬಾಯಲ್ಲಿ ಹುಟ್ಟಿ ಅಲ್ಲಿಯೇ ಬೆಳೆಯುವ ಆದೇಶಕ್ಕೆ ತಲೆಬಾಗಬೇಕಾದ್ದಿಲ್ಲ.

ತುಂಬದಲ್ಲಿ ದುಡಿಯುವ, ದುಡಿದ ಅನೇಕರು ನಮ್ಮ ಓದುಗರಲ್ಲಿದ್ದಾರೆ. ಅವರು ಭದ್ರತೆಯ ಮಾತೆತ್ತುವುದು ಸಹಜ. ರಾಕೆಟ್ ಕೇಂದ್ರದ ದ್ವಾರದಲ್ಲಿ ಕ್ಯಾಮೆರಾ ಒಪ್ಪಿಸಿ ಹೋಗುವುದರಲ್ಲಿ, ಕೊಚ್ಚಿಯ ನೌಕಾನೆಲೆಯ ಬೇಲಿಯ ಬಳಿ ಅದನ್ನು ಚೀಲದಲ್ಲಿಡುವುದರಲ್ಲಿ ನನಗೆ ಯಾವ ತಕರಾರೂ ಇಲ್ಲ. ಆದರೆ ತುಂಬದ ಕಥೆಯನ್ನೇ ಒಮ್ಮೆ ನೆನೆಯಿರಿ. ಮೀನುಗಾರರ ಊರಿನವರು ಬಿಟ್ಟುಕೊಟ್ಟ ಮೇರಿ ಮಗ್ದಲೇನರ ಚರ್ಚಿನಲ್ಲಿ ಕೆಲಸ ಆರಂಭವಾಗಿ, 1963ರ ನವೆಂಬರ್ 21ರಂದು ಮೊದಲ ನೈಕ್-ಅಪಾಚೆ ರಾಕೆಟ್ ಮೇಲೇರಿತು. ಚರ್ಚನ್ನು ಕೆಡವಲಿಲ್ಲ, ಅದೀಗ ಬಾಹ್ಯಾಕಾಶ ವಸ್ತುಸಂಗ್ರಹಾಲಯ. ಆ ದಿನಗಳನ್ನು ಜಗತ್ತು ನೆನೆಯುವುದು ಹೇಗೆ? 1966ರಲ್ಲಿ ಫ್ರಾನ್ಸಿನ ಹೆನ್ರಿ ಕಾರ್ಟಿಯೆ-ಬ್ರೆಸಾನ್ ಇಲ್ಲಿ ತೆಗೆದ ಚಿತ್ರದಿಂದ: ಸೈಕಲ್ಲಿನ ಕ್ಯಾರಿಯರ್ ಮೇಲೆ ರಾಕೆಟ್ಟಿನ ಶಂಕುವಿನಾಕಾರದ ತುದಿ. ಆ ಚಿತ್ರದಲ್ಲಿರುವ ಇಬ್ಬರಲ್ಲಿ ಒಬ್ಬರು ನಮ್ಮ ಸಿ. ಆರ್. ಸತ್ಯ, ತಂತ್ರಜ್ಞರೂ ಕನ್ನಡದ ಲೇಖಕರೂ ಆದವರು. ಹೊರಗಿನವನೊಬ್ಬ, ಹೊರಗಿನವನೆಂಬ ಸಂಕೋಚವಿಲ್ಲದೆ, ಅಂದಿನ ಒಂದು ಸಾಮಾನ್ಯ ದಿನವನ್ನು ನೋಡಿದ. ಅದನ್ನು ತೋರಿಸಿ ‘ಇವರು ನಮ್ಮವರು’ ಎಂದು ಹೆಮ್ಮೆಪಡುವ ನಾವು, ಇದೇ ಊರಿನ ಪುರಭವನದ ಮುಂದೆ ಕ್ಯಾಮೆರಾ ಇಡಲು ‘ಅದು ಅವರದು’ ಎನ್ನುತ್ತೇವೆ.

ಹೊರನಾಡಿನವನೆಂದರೆ ಬಾಡಿಗೆಯ ಮನೆಯಲ್ಲಿ ಗೋಡೆಗೆ ಮೊಳೆ ಹೊಡೆಯಲೂ ಅಂಜುವವನೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಇಪ್ಪತ್ತು, ಮೂವತ್ತು ವರ್ಷ ಇಲ್ಲಿ ತೆರಿಗೆ ಕಟ್ಟಿದ್ದೇವೆ, ಮಕ್ಕಳು ಇಲ್ಲಿಯ ಶಾಲೆಗಳಲ್ಲಿ ಕಲಿತಿದ್ದಾರೆ, ಮತದಾರರ ಪಟ್ಟಿಯಲ್ಲಿ ಹೆಸರಿದೆ. ಕಾಸರಗೋಡಿನ ಕನ್ನಡಿಗರ ಭಾಷೆಯ ಹಕ್ಕಿಗಾಗಿ ಈ ರಾಜ್ಯದ ಸರ್ಕಾರಕ್ಕೆ ಮನವಿ ಸಲ್ಲಿಸುವಾಗ ನಾವು ಈ ರಾಜ್ಯದ ಪ್ರಜೆಗಳೆಂಬ ಧೈರ್ಯದಿಂದಲೇ ಸಹಿ ಹಾಕುತ್ತೇವೆ. ಹಕ್ಕು ಕೇಳುವಾಗ ಇಲ್ಲಿಯವರು, ಊರಿನ ಗೋಡೆ ಉಳಿಸುವಾಗ ಹೊರಗಿನವರು ಎಂಬ ಎರಡು ನಾಲಿಗೆಯ ನೀತಿ ನನಗಂತೂ ಒಪ್ಪಿಗೆಯಿಲ್ಲ.

ಆದ್ದರಿಂದ ನನ್ನ ಸಲಹೆಯನ್ನು ಹಿಂತೆಗೆದುಕೊಳ್ಳದೆ, ಕಾರ್ಯಕಾರಿ ಸಮಿತಿಯ ಮುಂದೆ ವಿವರವಾಗಿಯೇ ಇಡುತ್ತೇನೆ. ಭವನದ ಪಾಲಕರಿಗೆ ಸಂಘದ ಹೆಸರಿನಲ್ಲಿ ಮೊದಲು ಪತ್ರ ಬರೆಯಬೇಕು, ಮಲಯಾಳದಲ್ಲಿ. ಉತ್ತರವನ್ನೂ ಬರಹದಲ್ಲಿಯೇ ಕೇಳಬೇಕು. ಪ್ರತಿ ಚಿತ್ರಕ್ಕೂ ದಿನಾಂಕ, ಹೊತ್ತು, ದಿಕ್ಕು, ಅಳತೆ. ವಿವರಣೆ ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲಿಯೂ. ಒಂದು ಪ್ರತಿ ಸಂಘದಲ್ಲಿ, ಒಂದು ಪ್ರತಿ ಭವನದವರಿಗೆ, ಇನ್ನೊಂದು 1829ರಷ್ಟು ಹಿಂದೆಯೇ ಸ್ಥಾಪನೆಯಾದ, ಅಲ್ಲೇ ಪಾಳಯಂನಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯಕ್ಕೆ. ಖರ್ಚು ನಮ್ಮ ಒಂದು ವರ್ಷದ ಶಾಲು, ಹಾರ, ನೆನಪಿನ ಕಾಣಿಕೆಗಳ ಖರ್ಚನ್ನು ಮೀರದು. ಬೇಕಿದ್ದರೆ ಖಜಾಂಚಿಯವರು ಲೆಕ್ಕ ಹಾಕಿ ನೋಡಲಿ.

ಒಂದು ಭಾನುವಾರದಲ್ಲಿ ಮುಗಿಯುವ ಕೆಲಸ ಇದಲ್ಲ. ತಿರುವನಂತಪುರ ಭೂಮಧ್ಯರೇಖೆಗೆ ಎಂಟೂವರೆ ಡಿಗ್ರಿಯಷ್ಟೇ ದೂರ. ಡಿಸೆಂಬರಿನಲ್ಲಿ ಸೂರ್ಯ ದಿನವಿಡೀ ದಕ್ಷಿಣಕ್ಕೇ ವಾಲಿಕೊಂಡಿರುತ್ತಾನೆ. ಉತ್ತರದ ಗೋಡೆಗೆ ಬಿಸಿಲೇ ಬೀಳುವುದಿಲ್ಲ. ಏಪ್ರಿಲ್ ಮಧ್ಯದಿಂದ ಆಗಸ್ಟ್ ಕೊನೆಯವರೆಗೆ ಮಾತ್ರ ನಡುಹಗಲ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ಸರಿಯುತ್ತಾನೆ, ಅದರಲ್ಲೂ ಜೂನ್ ಬಂತೆಂದರೆ ಮಳೆ. ದಕ್ಷಿಣ, ಪೂರ್ವ, ಪಶ್ಚಿಮಗಳನ್ನು ಡಿಸೆಂಬರ್, ಜನವರಿಗಳಲ್ಲಿ ತೆಗೆಯಬಹುದು. ಉತ್ತರಕ್ಕೆ ಮೇ ತಿಂಗಳ ಮೊದಲ ಎರಡು ವಾರಗಳೇ ಸೂಕ್ತ. ಶಿಫ್ಟ್ ಲೆನ್ಸ್ ಇರುವ ಸದಸ್ಯರು ಇಬ್ಬರಿದ್ದಾರೆಂದು ಕೇಳಿದ್ದೇನೆ. ಹನ್ನೆರಡು ಅಡಿಯ ಅಲ್ಯುಮಿನಿಯಂ ಏಣಿಯೊಂದು ಬೇಕಾಗಿದೆ. ಎರವಲು ಕೊಡಬಲ್ಲವರು ಕಾರ್ಯದರ್ಶಿಗಳಿಗೆ ತಿಳಿಸಬೇಕಾಗಿ ವಿನಂತಿ.